ಹೆಚ್ಚುವರಿ ಸಾಕ್ಷ್ಯ (ಕ್ರಿಮಿನಲ್ ಮೇಲ್ಮನವಿಯಲ್ಲಿ)

ಕ್ರಿಮಿನಲ್ ಪ್ರಕರಣವೊಂದರ ತೀರ್ಪಿನ ಮೇಲೆ ಅಪೀಲು ನಡೆಯುತ್ತಿರುವಾಗ, ಕೆಳಗಿನ ನ್ಯಾಯಾಲಯದ ಕಡತದಲ್ಲಿ ಇಲ್ಲದ ಹೇಳಿಕೆ, ದಾಖಲೆ ಅಥವಾ ವಸ್ತುವನ್ನು ಮೇಲ್ಮನವಿ ನ್ಯಾಯಾಲಯ ತಾನೇ ಪಡೆಯುವ ಇಲ್ಲವೇ ಕೆಳಗಿನ ನ್ಯಾಯಾಲಯದಿಂದ ಪಡೆಯಿಸಿಕೊಳ್ಳುವ ಕ್ರಮವೇ ಹೆಚ್ಚುವರಿ ಸಾಕ್ಷ್ಯ ಸ್ವೀಕಾರ. ಇದಕ್ಕೆ ಆಧಾರವಾಗಿದ್ದುದು 1973ರ ದಂಡ ಪ್ರಕ್ರಿಯಾ ಸಂಹಿತೆಯ 391ನೇ ಕಲಂ. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 432ನೇ ಕಲಂ ಬಂದಿದೆ. ಮಾತುಗಳು ಬಹುಮಟ್ಟಿಗೆ ಹಳೆಯವೇ.

ಅಪೀಲು ಎಂದರೆ ಸಾಮಾನ್ಯವಾಗಿ ಇದ್ದ ಕಡತವನ್ನೇ ಮತ್ತೊಮ್ಮೆ ಓದಿ ತೂಗುವ ಕೆಲಸ. ಅಲ್ಲಿ ಸಾಕ್ಷಿಕಟ್ಟೆ ಇರುವುದಿಲ್ಲ, ಪಾಟಿ ಸವಾಲು ಇರುವುದಿಲ್ಲ. ಈ ಕಲಂ ಆ ಸಾಮಾನ್ಯ ನಿಯಮಕ್ಕೆ ಅಪವಾದ. ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಸೂಪಾ ಸೀಮೆಗೆ, ಅಂದರೆ ಹಳಿಯಾಳ, ದಾಂಡೇಲಿ, ಜೋಯಿಡಾ ತಾಲ್ಲೂಕುಗಳಿಗೆ, ಜೊತೆಗೆ ಮುಂಡಗೋಡಕ್ಕೂ, ಈ ಅಪವಾದ ವಿಶೇಷವಾಗಿ ಅನ್ವಯಿಸುವ ಸಂದರ್ಭಗಳನ್ನು ಲೇಖನದ ಕೊನೆಯ ಭಾಗದಲ್ಲಿ ವಿವರಿಸಿದೆ.

ಪದಗಳು

ಸಾಕ್ಷಿ ಎಂದರೆ ವ್ಯಕ್ತಿ. ಸಾಕ್ಷ್ಯ ಎಂದರೆ ಆ ವ್ಯಕ್ತಿ ಹೇಳಿದ್ದು, ಅಥವಾ ದಾಖಲೆ ಮತ್ತು ಮುದ್ದೆಮಾಲು ತೋರಿಸಿದ್ದು. ಅಪೀಲು, ಮೇಲ್ಮನವಿ ಎರಡೂ ಒಂದೇ. ಕಾನೂನಿನ ಅಧಿಕೃತ ಕನ್ನಡ ಅನುವಾದಗಳು ಸಾಕ್ಷ್ಯ ದಾಖಲಾಗಿ ತೀರ್ಪಿನಲ್ಲಿ ಮುಗಿಯುವ ಹಂತವನ್ನು ‘ಅಧಿವಿಚಾರಣೆ’ ಎಂದೂ ಕಾಯ್ದೆಯ ಭಾಗವನ್ನು ‘ಪ್ರಕರಣ’ ಎಂದೂ ಕರೆಯುತ್ತವೆ. ಕೋರ್ಟಿನ ಅಂಗಳದಲ್ಲಿ ಮೊದಲನೆಯದಕ್ಕೆ ‘ವಿಚಾರಣೆ’, ಎರಡನೆಯದಕ್ಕೆ ‘ಕಲಂ’ ಎಂಬ ಮಾತೇ ಬಳಕೆಯಲ್ಲಿದೆ. ಇಲ್ಲಿಯೂ ಅದನ್ನೇ ಬಳಸಿದೆ.

ಕಲಮಿನಲ್ಲಿರುವ ಪದ ‘ಹೆಚ್ಚುವರಿ’ ಎಂಬುದು, ‘ಹೊಸ’ ಎಂಬುದಲ್ಲ. ಎರಡಕ್ಕೂ ಅಂತರವಿದೆ. ವಿಚಾರಣೆಯ ವೇಳೆ ಇದ್ದೂ ಕಡತಕ್ಕೆ ಸೇರದ ಹಳೆಯ ಶಾಲಾ ದಾಖಲೆಯೂ ಹೆಚ್ಚುವರಿ ಸಾಕ್ಷ್ಯವಾಗಬಹುದು. ತೀರ್ಪಿನ ನಂತರ ಹುಟ್ಟಿದ ಪತ್ರವೊಂದು ಹೊಸದಾದ ಮಾತ್ರಕ್ಕೆ ಒಳಗೆ ಬರುವುದಿಲ್ಲ.

ಹುಟ್ಟು

ಭಾರತದ ಮೊದಲ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆ 1861ರಲ್ಲಿ ಅಂಗೀಕಾರವಾಗಿ 1862ರಲ್ಲಿ ಜಾರಿಗೆ ಬಂತು. ಅದೇ 1862ರಲ್ಲಿ ಉತ್ತರ ಕನ್ನಡ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1872, 1882ರ ಪರಿಷ್ಕರಣೆಗಳ ನಂತರ ಬಂದ 1898ರ ಸಂಹಿತೆಯ 428ನೇ ಕಲಂ ಇಂದಿನ ವ್ಯವಸ್ಥೆಯ ನೇರ ಮೂಲ. ಜ್ಯೂರಿ ಮತ್ತು ಅಸೆಸರುಗಳಿದ್ದ ಆ ಕಾಲದಲ್ಲಿ, ಹೆಚ್ಚುವರಿ ಸಾಕ್ಷ್ಯವನ್ನು ಅವರ ಎದುರಿನಲ್ಲಿ ತೆಗೆದುಕೊಳ್ಳಬಾರದು ಎಂಬ ಮಾತೂ ಅದರಲ್ಲಿತ್ತು. 1973ರ ಸಂಹಿತೆ 1974ರ ಏಪ್ರಿಲ್ 1ರಂದು ಜಾರಿಯಾದಾಗ ಆ ಮಾತು ಬಿದ್ದುಹೋಯಿತು. ಉಳಿದ ಚೌಕಟ್ಟು 391ನೇ ಕಲಮಾಗಿ ಮುಂದುವರಿಯಿತು.

ಇಂಗ್ಲೆಂಡಿನಲ್ಲಿ ಕ್ರಿಮಿನಲ್ ಮೇಲ್ಮನವಿ ನ್ಯಾಯಾಲಯ ಹುಟ್ಟಿದ್ದೇ 1907ರ ಕಾಯ್ದೆಯಿಂದ. ತಪ್ಪು ಗುರುತಿನಿಂದ ಅಡಾಲ್ಫ್ ಬೆಕ್ ಎಂಬ ವ್ಯಕ್ತಿ ಎರಡು ಸಲ ತಪ್ಪಿತಸ್ಥನೆನಿಸಿಕೊಂಡ ಪ್ರಕರಣ ಆ ಕಾಯ್ದೆಗೆ ದೊಡ್ಡ ಒತ್ತಾಸೆಯಾಗಿತ್ತು. ಅಪೀಲಿನಲ್ಲಿ ಸಾಕ್ಷ್ಯ ಪಡೆಯುವ ಅಧಿಕಾರ ಭಾರತದ ಸಂಹಿತೆಯಲ್ಲಿ ಅದಕ್ಕೂ ಮೊದಲೇ ಬರೆಯಲ್ಪಟ್ಟಿತ್ತು ಎಂಬುದು ಗಮನಿಸಬೇಕಾದ ಸಂಗತಿ.

ಕಲಮಿನ ರಚನೆ

ಕಲಂ ಚಿಕ್ಕದು, ನಾಲ್ಕೇ ಉಪಕಲಂಗಳದ್ದು. ಹೆಚ್ಚುವರಿ ಸಾಕ್ಷ್ಯ ಅಗತ್ಯವೆಂದು ಕಂಡರೆ ಮೇಲ್ಮನವಿ ನ್ಯಾಯಾಲಯ ಅದಕ್ಕೆ ಕಾರಣಗಳನ್ನು ಬರೆದಿಡಬೇಕು. ಆಮೇಲೆ ಸಾಕ್ಷ್ಯವನ್ನು ತಾನೇ ಪಡೆಯಬಹುದು, ಅಥವಾ ಮ್ಯಾಜಿಸ್ಟ್ರೇಟರಿಗೆ ಒಪ್ಪಿಸಬಹುದು. ಅಪೀಲು ಹೈಕೋರ್ಟಿನಲ್ಲಿದ್ದರೆ ಸೆಷನ್ಸ್ ನ್ಯಾಯಾಲಯಕ್ಕೂ ಒಪ್ಪಿಸಬಹುದು. ಹಾಗೆ ಒಪ್ಪಿಸಿಕೊಂಡ ನ್ಯಾಯಾಲಯ ಸಾಕ್ಷ್ಯ ದಾಖಲಿಸಿ, ದೃಢೀಕರಿಸಿ, ಮೇಲಕ್ಕೆ ಕಳಿಸುತ್ತದೆ. ತೀರ್ಪು ಕೊಡುವುದು ಅದರ ಕೆಲಸವಲ್ಲ. ಆರೋಪಿಗೆ ಅಥವಾ ಅವನ ವಕೀಲರಿಗೆ ಸಾಕ್ಷ್ಯ ಪಡೆಯುವಾಗ ಹಾಜರಿರುವ ಹಕ್ಕಿದೆ. ವಿಚಾರಣೆಯಲ್ಲಿ ಸಾಕ್ಷ್ಯ ದಾಖಲಿಸುವ ಸಾಮಾನ್ಯ ನಿಯಮಗಳೇ ಇಲ್ಲಿಗೂ ಅನ್ವಯ.

ಅರ್ಜಿ ಹಾಕುವ ಅವಕಾಶ ಎರಡೂ ಪಕ್ಷಗಳಿಗಿದೆ. ಯಾರೂ ಕೇಳದಿದ್ದರೂ ನ್ಯಾಯಾಲಯ ತಾನಾಗಿ ಆದೇಶಿಸಬಹುದು. ಹೊಸದಾಗಿ ಬಂದ ಸಾಕ್ಷ್ಯ ಆರೋಪಿಯ ವಿರುದ್ಧವಾಗಿದ್ದರೆ ಅವನಿಗೆ ಪಾಟಿ ಸವಾಲಿನ ಅವಕಾಶವಿರಬೇಕು. ಆ ಸಾಕ್ಷ್ಯದ ಬಗ್ಗೆ ಅವನ ವಿವರಣೆಯನ್ನೂ ಕೇಳಬೇಕು. ಇವೆರಡನ್ನೂ ಬಿಟ್ಟ ಆದೇಶ ಮೇಲಿನ ಹಂತದಲ್ಲಿ ನಿಲ್ಲುವುದು ಕಷ್ಟ.

ಇದೇ ಅಧಿಕಾರ ಸಂಹಿತೆಯ ಬೇರೆಡೆಗಳಲ್ಲೂ ಇದೆ. ಮರಣದಂಡನೆಯ ದೃಢೀಕರಣಕ್ಕೆ ಕಡತ ಬಂದಾಗ ಹೈಕೋರ್ಟು ಹೆಚ್ಚುವರಿ ಸಾಕ್ಷ್ಯಕ್ಕೆ ಆದೇಶಿಸಬಹುದು (ಹಳೆಯ 367, ಹೊಸ 408). ಪುನರೀಕ್ಷಣೆಯಲ್ಲಿ ಹೈಕೋರ್ಟು ಅಪೀಲು ನ್ಯಾಯಾಲಯದ ಈ ಅಧಿಕಾರವನ್ನೇ ಚಲಾಯಿಸಬಹುದು (ಹಳೆಯ 401, ಹೊಸ 442). ವಿಚಾರಣೆಯ ಹಂತದಲ್ಲಿ ಇದರ ಸೋದರ ಕಲಂ ಎಂದರೆ ಹಳೆಯ 311, ಈಗಿನ 348: ಸಾಕ್ಷಿಯನ್ನು ಯಾವುದೇ ಹಂತದಲ್ಲಿ ಕರೆಸುವ, ಮರಳಿ ಕರೆಸುವ ಅಧಿಕಾರ.

‘ಅಗತ್ಯ’ ಎಂಬ ಅಳತೆ

ಸಿವಿಲ್ ಅಪೀಲಿನಲ್ಲಿ ಹೆಚ್ಚುವರಿ ಸಾಕ್ಷ್ಯಕ್ಕೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 41ನೇ ಆದೇಶದ 27ನೇ ನಿಯಮ ಷರತ್ತುಗಳನ್ನು ಬಿಡಿಬಿಡಿಯಾಗಿ ಎಣಿಸಿಕೊಡುತ್ತದೆ. ಕ್ರಿಮಿನಲ್ ಕಲಮಿನಲ್ಲಿ ಷರತ್ತು ಒಂದೇ: ‘ಅಗತ್ಯ’. ಯಾರಿಗೆ ಅಗತ್ಯ, ಯಾವುದಕ್ಕೆ ಅಗತ್ಯ ಎಂದು ಶಾಸನ ಹೇಳಿಲ್ಲ. ಕಳೆದ ಅರವತ್ತು ವರ್ಷಗಳ ತೀರ್ಪುಗಳೆಲ್ಲ ಈ ಒಂದು ಪದದ ಅರ್ಥವನ್ನು ಕಡೆದವು.

1963ರ ಉಖಾ ಕೋಲ್ಹೆ ಪ್ರಕರಣ ಮುಂಬಯಿ ಪಾನನಿಷೇಧ ಕಾಯ್ದೆಯದು. ವಾಹನ ಓಡಿಸುತ್ತಿದ್ದವನ ರಕ್ತದಲ್ಲಿ ಮದ್ಯದ ಅಂಶವಿತ್ತೇ ಎಂಬುದು ಪ್ರಶ್ನೆ. ರಕ್ತ ಸಂಗ್ರಹ ಮತ್ತು ಪರೀಕ್ಷೆಯ ಸಾಕ್ಷ್ಯ ಅರೆಬರೆಯಾಗಿತ್ತು. ಸೆಷನ್ಸ್ ನ್ಯಾಯಾಧೀಶರು ಇಡೀ ಪ್ರಕರಣದ ಮರುವಿಚಾರಣೆಗೆ ಆದೇಶಿಸಿದ್ದರು. ಸುಪ್ರೀಂ ಕೋರ್ಟು ಆ ಆದೇಶವನ್ನು ತಳ್ಳಿಹಾಕಿ, ಕೊರತೆ ಒಂದು ಅಂಶದ್ದಾದರೆ ಹೆಚ್ಚುವರಿ ಸಾಕ್ಷ್ಯದಿಂದ ಅದನ್ನು ಸರಿಪಡಿಸಬೇಕೇ ಹೊರತು ಮನುಷ್ಯನನ್ನು ಎರಡನೆಯ ಬಾರಿ ಪೂರ್ತಿ ವಿಚಾರಣೆಗೆ ನಿಲ್ಲಿಸಬಾರದು ಎಂಬ ದಾರಿ ಹಾಕಿಕೊಟ್ಟಿತು.

1965ರ ರಾಜೇಶ್ವರ ಪ್ರಸಾದ್ ಮಿಶ್ರಾ ಪ್ರಕರಣದಲ್ಲಿ ಅಳತೆ ಇನ್ನಷ್ಟು ಸ್ಪಷ್ಟವಾಯಿತು. ಆ ಸಾಕ್ಷ್ಯವಿಲ್ಲದೆ ತೀರ್ಪು ಬರೆಯಲು ಸಾಧ್ಯವೇ ಇಲ್ಲ ಎಂಬ ಸ್ಥಿತಿ ಬೇಕಿಲ್ಲ. ಅದಿಲ್ಲದೆ ನ್ಯಾಯ ಕೆಡುತ್ತದೆ ಎಂದಾದರೆ ಸಾಕು. ಅಧಿಕಾರ ವಿಶಾಲವಾದುದು, ಆದ್ದರಿಂದಲೇ ಅದನ್ನು ಎಚ್ಚರದಿಂದ, ಅಪರೂಪಕ್ಕೆ ಬಳಸಬೇಕು. ಪ್ರಾಸಿಕ್ಯೂಷನ್ ತನ್ನ ಪ್ರಕರಣದ ತೂತುಗಳನ್ನು ಮುಚ್ಚಿಕೊಳ್ಳುವ ಸಾಧನ ಇದಾಗಕೂಡದು. 2001ರ ರಾಂಭಾವು ಪ್ರಕರಣ ಈ ಎಚ್ಚರಿಕೆಯನ್ನು ಮತ್ತೆ ಒತ್ತಿ ಹೇಳಿತು.

ಆದರೆ ‘ತೂತು’ ಯಾವುದು, ‘ನ್ಯಾಯಕ್ಕೆ ಬೇಕಾದದ್ದು’ ಯಾವುದು? 1987ರಲ್ಲಿ ಗುಜರಾತಿನ ಪೋರ್ವಾಲ್ ಪ್ರಕರಣದಲ್ಲಿ ಚಿನ್ನದ ಪರೀಕ್ಷೆಗೆ ಸಂಬಂಧಿಸಿದ ಟಂಕಸಾಲೆಯ ವರದಿಯನ್ನು ಸಾಬೀತುಪಡಿಸಲು ಸರ್ಕಾರ ಅವಕಾಶ ಕೇಳಿತ್ತು. ಹೈಕೋರ್ಟು ನಿರಾಕರಿಸಿತು, ಸುಪ್ರೀಂ ಕೋರ್ಟು ಕೊಟ್ಟಿತು. ಆರೋಪಿಯಂತೆ ಸಮಾಜಕ್ಕೂ ನ್ಯಾಯ ಕೇಳುವ ಹಕ್ಕಿದೆ ಎಂಬುದು ಅದರ ನಿಲುವು. ಇದಕ್ಕೆ ಎದುರಾಗಿ ಇಡಬಹುದಾದದ್ದು 2024ರ ಜನವರಿಯಲ್ಲಿ ತೀರ್ಮಾನವಾದ ಅಜಿತ್‌ಸಿಂಹ ರಾಠೋಡ್ ಪ್ರಕರಣ. ಅದು ಚೆಕ್ ಅಮಾನ್ಯದ ಮೊಕದ್ದಮೆ. ಶಿಕ್ಷೆಯಾದ ಮೇಲೆ ಆರೋಪಿ ಅಪೀಲಿನಲ್ಲಿ, ಚೆಕ್ಕಿನ ಸಹಿ ನನ್ನದಲ್ಲ, ಕೈಬರಹ ತಜ್ಞರಿಗೆ ಕಳಿಸಿ ಎಂದು ಕೇಳಿದ. ವಿಚಾರಣೆಯಲ್ಲಿ ಬ್ಯಾಂಕಿನ ಸಾಕ್ಷಿ ಕಟಕಟೆಯಲ್ಲಿ ನಿಂತಿದ್ದಾಗ ಸಹಿಯ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಬ್ಯಾಂಕಿನಲ್ಲಿರುವ ಮಾದರಿ ಸಹಿಯ ದೃಢೀಕೃತ ಪ್ರತಿ ತರಿಸಿಕೊಳ್ಳಲು ಅಡ್ಡಿಯೂ ಇರಲಿಲ್ಲ. ಅರ್ಜಿ ವಜಾ ಆಯಿತು. ತಕ್ಕ ಶ್ರದ್ಧೆ ವಹಿಸಿಯೂ ವಿಚಾರಣೆಯಲ್ಲಿ ತರಲಾಗದ್ದು, ಅಥವಾ ಆಮೇಲಷ್ಟೇ ಬೆಳಕಿಗೆ ಬಂದದ್ದು, ಇವಕ್ಕೆ ಮಾತ್ರ ಬಾಗಿಲು ತೆರೆಯುತ್ತದೆ ಎಂದು ನ್ಯಾಯಾಲಯ ಹೇಳಿತು.

ಈ ತೀರ್ಪುಗಳನ್ನು ಜೋಡಿಸಿ ಓದಿದರೆ ನ್ಯಾಯಾಲಯ ಕೇಳುವ ಪ್ರಶ್ನೆಗಳು ಕಾಣುತ್ತವೆ. ಈ ಸಾಕ್ಷ್ಯ ಆಗ ಏಕೆ ಬರಲಿಲ್ಲ? ಪ್ರಕರಣದ ತಿರುಳಿಗೆ ಅದು ತಾಗುತ್ತದೆಯೇ? ನಂಬಲರ್ಹವೇ? ಎದುರು ಪಕ್ಷಕ್ಕೆ ಉತ್ತರಿಸುವ ಅವಕಾಶ ಉಳಿಯುತ್ತದೆಯೇ? ಇವುಗಳಲ್ಲಿ ಮೊದಲನೆಯದೇ ಹೆಚ್ಚಿನ ಅರ್ಜಿಗಳನ್ನು ಕೆಡವಬಲ್ಲದ್ದು. ಆದರೆ ಸೆರೆಮನೆಯಲ್ಲಿರುವವನ ನಿರಪರಾಧವನ್ನು ನೇರವಾಗಿ ತೋರಿಸುವ ಸಾಕ್ಷ್ಯವನ್ನು ತಡವಾಯಿತೆಂಬ ಒಂದೇ ಕಾರಣಕ್ಕೆ ತಳ್ಳುವುದು ಕಲಮಿನ ಉದ್ದೇಶಕ್ಕೆ ಒಗ್ಗುವುದಿಲ್ಲ. ‘ಅಗತ್ಯ’ ಎಂಬ ಪದ ನ್ಯಾಯಾಲಯದ ಅಗತ್ಯವನ್ನು ಹೇಳುತ್ತದೆ, ಪಕ್ಷಗಾರರ ಅನುಕೂಲವನ್ನಲ್ಲ.

ಬಗೆಗಳು

ತಜ್ಞರ ವರದಿ ಒಂದು ಬಗೆ: ರಕ್ತ, ಡಿಎನ್‌ಎ, ಸಹಿ, ಮದ್ಯದ ಮಾದರಿ. ಸರ್ಕಾರಿ ವೈಜ್ಞಾನಿಕ ತಜ್ಞರ ಕೆಲವು ವರದಿಗಳನ್ನು ತಜ್ಞರನ್ನು ಕರೆಸದೆಯೇ ಓದಬಹುದು. ಬೇಕೆನಿಸಿದರೆ ನ್ಯಾಯಾಲಯ ಅವರನ್ನು ಕರೆಸಬಹುದು.

ಎಲೆಕ್ಟ್ರಾನಿಕ್ ದಾಖಲೆಯ ಪ್ರಮಾಣಪತ್ರ ಇನ್ನೊಂದು. ಇದರಲ್ಲಿ ಕರ್ನಾಟಕದ್ದೇ ಮುಖ್ಯ ತೀರ್ಪಿದೆ. 2008ರ ಜುಲೈ 25ರ ಬೆಂಗಳೂರು ಸರಣಿ ಸ್ಫೋಟದ ವಿಚಾರಣೆಯಲ್ಲಿ, ವಶಪಡಿಸಿಕೊಂಡ ಸಾಧನಗಳ ಕುರಿತ, ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಕಲಮಿನ ಪ್ರಮಾಣಪತ್ರವನ್ನು ಪ್ರಾಸಿಕ್ಯೂಷನ್ 2017ರಲ್ಲಿ ತಂದಿತು. ವಿಚಾರಣಾ ನ್ಯಾಯಾಲಯವೂ ಹೈಕೋರ್ಟೂ ತಡವಾಯಿತೆಂದು ನಿರಾಕರಿಸಿದವು. 2023ರ ನವೆಂಬರ್ 6ರಂದು ಸುಪ್ರೀಂ ಕೋರ್ಟು ಟಿ. ನಸೀರ್ ಪ್ರಕರಣದಲ್ಲಿ ಅದನ್ನು ಒಪ್ಪಿಕೊಂಡಿತು. ಇದು ಅಪೀಲಿನ ಹಂತದ್ದಲ್ಲ, 311ನೇ ಕಲಮಿನದು. ಆದರೂ ವಿಚಾರಣೆ ನ್ಯಾಯಸಮ್ಮತವಾಗಿರಬೇಕಾದದ್ದು ಆರೋಪಿಗೆ ಮಾತ್ರವಲ್ಲ, ನೊಂದವರಿಗೂ ಸಮಾಜಕ್ಕೂ ಎಂಬ ಅದರ ತರ್ಕ 432ನೇ ಕಲಮಿನ ಅರ್ಜಿಗಳಿಗೂ ಸಲ್ಲುತ್ತದೆ.

ವಯಸ್ಸಿನ ಸಾಕ್ಷ್ಯ ಮೂರನೆಯದು, ಮತ್ತು ಪ್ರತ್ಯೇಕ ನೆಲೆಯದು. ಅಪರಾಧ ನಡೆದ ದಿನ ಆರೋಪಿಗೆ 18 ವರ್ಷ ತುಂಬಿರಲಿಲ್ಲ ಎಂಬ ವಾದವನ್ನು 2015ರ ಬಾಲನ್ಯಾಯ ಕಾಯ್ದೆಯಡಿ ಯಾವ ಹಂತದಲ್ಲಾದರೂ, ಪ್ರಕರಣ ಅಂತಿಮವಾಗಿ ಮುಗಿದ ಮೇಲೂ ಎತ್ತಬಹುದು. ಶಾಲೆಯ ಜನ್ಮದಿನಾಂಕದ ದಾಖಲೆಗೆ ಮೊದಲ ಸ್ಥಾನ, ಅದಿಲ್ಲದಿದ್ದರೆ ಪುರಸಭೆ ಅಥವಾ ಪಂಚಾಯಿತಿಯ ಜನನ ಪತ್ರ, ಎರಡೂ ಇಲ್ಲದಾಗ ಮಾತ್ರ ಮೂಳೆ ಪರೀಕ್ಷೆ.

ಸಾಕ್ಷಿ ಮಾತು ಬದಲಿಸಿ ಕೊಡುವ ಅಫಿಡವಿಟ್ಟನ್ನು ನ್ಯಾಯಾಲಯಗಳು ಬಹಳ ಅನುಮಾನದಿಂದ ನೋಡುತ್ತವೆ. ತೀರ್ಪಿನ ನಂತರ ಬರುವ ಇಂಥ ಹೇಳಿಕೆಯ ಹಿಂದೆ ಒತ್ತಡವೋ ರಾಜಿಯೋ ಇರಬಹುದು.

ಮರುವಿಚಾರಣೆಯೊಂದಿಗೆ ಸಂಬಂಧ

ಹೆಚ್ಚುವರಿ ಸಾಕ್ಷ್ಯದಲ್ಲಿ ಹಳೆಯ ಕಡತ ಹಾಗೇ ಉಳಿದು ಅದಕ್ಕೆ ಕೆಲವು ಪುಟ ಸೇರುತ್ತವೆ. ಮರುವಿಚಾರಣೆಯಲ್ಲಿ ಹಳೆಯ ತೀರ್ಪು ಅಳಿದು ಎಲ್ಲವೂ ಮೊದಲಿನಿಂದ ಆರಂಭ. ಮೊದಲನೆಯದು ಸಾಲದು ಎನಿಸಿದಾಗಲೇ ಎರಡನೆಯದು. 2002ರ ಮಾರ್ಚ್ 1ರಂದು ವಡೋದರದ ಬೆಸ್ಟ್ ಬೇಕರಿಯಲ್ಲಿ 14 ಜನ ಸತ್ತ ಪ್ರಕರಣದಲ್ಲಿ ಸಾಕ್ಷಿಗಳು ಪ್ರತಿಕೂಲರಾಗಿ, ಎಲ್ಲ 21 ಆರೋಪಿಗಳು 2003ರಲ್ಲಿ ಬಿಡುಗಡೆಯಾದರು. ಹೆಚ್ಚುವರಿ ಸಾಕ್ಷ್ಯದ ಕೋರಿಕೆಯನ್ನು ಗುಜರಾತ್ ಹೈಕೋರ್ಟು ಒಪ್ಪಲಿಲ್ಲ. 2004ರ ಏಪ್ರಿಲ್ 12ರಂದು ಸುಪ್ರೀಂ ಕೋರ್ಟು ಆ ನಿರಾಕರಣೆಯನ್ನು ತಪ್ಪೆಂದು ಹೇಳಿ, ಮಹಾರಾಷ್ಟ್ರದಲ್ಲಿ ಮರುವಿಚಾರಣೆಗೆ ಆದೇಶಿಸಿತು. 2006ರಲ್ಲಿ ಮುಂಬಯಿಯ ನ್ಯಾಯಾಲಯ 9 ಜನರಿಗೆ ಶಿಕ್ಷೆ ವಿಧಿಸಿತು.

ಸೂಪಾ ಸೀಮೆಯಲ್ಲಿ

ಸೂಪಾ ಎಂಬ ಊರು ಈಗ ಕಾಳಿ ನದಿಯ ಅಣೆಕಟ್ಟಿನ ಹಿನ್ನೀರಿನಡಿ ಇದೆ. ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಹೋಯಿತು, ಹೆಸರು ಸೀಮೆಗೆ ಉಳಿಯಿತು. ಇಲ್ಲಿಯ ಮ್ಯಾಜಿಸ್ಟ್ರೇಟ್ ನ್ಯಾಯಾಲಯಗಳ ಶಿಕ್ಷೆಯ ಮೇಲಿನ ಅಪೀಲು ಜಿಲ್ಲೆಯ ಸೆಷನ್ಸ್ ನ್ಯಾಯಾಲಯಕ್ಕೆ ಹೋಗುತ್ತದೆ. ಅದರ ಮುಖ್ಯ ಪೀಠ ಕಾರವಾರದಲ್ಲಿದೆ, ಶಿರಸಿಯಲ್ಲಿ ಹೆಚ್ಚುವರಿ ನ್ಯಾಯಾಲಯವಿದೆ. ಸೆಷನ್ಸ್ ತೀರ್ಪಿನ ಮೇಲಿನ ಅಪೀಲು ಹೈಕೋರ್ಟಿನ ಧಾರವಾಡ ಪೀಠಕ್ಕೆ. 2008ರ ಜುಲೈನಲ್ಲಿ ಸಂಚಾರಿ ಪೀಠವಾಗಿ ಆರಂಭವಾದ ಅದು 2013ರ ಆಗಸ್ಟ್‌ನಲ್ಲಿ ಕಾಯಂ ಆಯಿತು. ಹಳಿಯಾಳ, ದಾಂಡೇಲಿಯವರಿಗೆ ಹೈಕೋರ್ಟು ಜಿಲ್ಲಾ ನ್ಯಾಯಾಲಯಕ್ಕಿಂತ ಹತ್ತಿರ. ದಾಂಡೇಲಿಯಿಂದ ಧಾರವಾಡ ಸುಮಾರು 55 ಕಿ.ಮೀ., ಕಾರವಾರಕ್ಕೆ ಕಾಡು ಮತ್ತು ಘಟ್ಟ ದಾಟಿ ಅದರ ಹೆಚ್ಚುಕಡಿಮೆ ಇಮ್ಮಡಿ ದಾರಿ. ಸಾಕ್ಷ್ಯ ಪಡೆಯುವುದನ್ನು ತಾಲ್ಲೂಕಿನ ಮ್ಯಾಜಿಸ್ಟ್ರೇಟರಿಗೆ ಒಪ್ಪಿಸಬಹುದೆಂಬ ಮಾತು ಕಲಮಿನಲ್ಲಿ ಒಂದೇ ಸಾಲು. ಅಣಶಿ ಘಟ್ಟದಲ್ಲಿ ಮಣ್ಣು ಕುಸಿದ ಮಳೆಗಾಲದಲ್ಲಿ ಸಾಕ್ಷಿ ಹೇಳಬೇಕಾದ ಕೂಲಿಕಾರನಿಗೆ ಆ ಒಂದು ಸಾಲೇ ಆಸರೆ.

ಸೀಮೆಯ ಅರ್ಧಕ್ಕರ್ಧ ಬದುಕು ಕಾಡಿನ ನಿಯಮಗಳೊಳಗೆ ನಡೆಯುತ್ತದೆ. 1956ರ ದಾಂಡೇಲಿ ಅಭಯಾರಣ್ಯವೂ ಅಣಶಿ ರಾಷ್ಟ್ರೀಯ ಉದ್ಯಾನವೂ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಗಿ ಒಂದಾದವು. 2015ರಲ್ಲಿ ಅದಕ್ಕೆ ಕಾಳಿಯ ಹೆಸರು ಬಂತು. ಹೀಗಾಗಿ 1963ರ ಕರ್ನಾಟಕ ಅರಣ್ಯ ಕಾಯ್ದೆ ಮತ್ತು 1972ರ ವನ್ಯಜೀವಿ ಕಾಯ್ದೆ ಇಲ್ಲಿ ದೂರದ ಕಾನೂನುಗಳಲ್ಲ. ಗೋವೆಯ ಗಡಿಯ ಕಾರಣ ಅಬಕಾರಿ ಕಾಯ್ದೆಯೂ ಹಾಗೆಯೇ.

ಉದಾಹರಣೆಗೆ, ಅನಮೋಡ ಚೆಕ್‌ಪೋಸ್ಟಿನಲ್ಲಿ ವಾಹನ ತಡೆದು ಗೋವೆಯ ಮದ್ಯ ಹಿಡಿದರು ಎಂದಿಟ್ಟುಕೊಳ್ಳಬಹುದು. ಪಂಚನಾಮೆಯಾಗುತ್ತದೆ. ಮಾದರಿ ಬಾಟಲಿಯ ಬಾಯಿಗೆ ಬಟ್ಟೆ ಸುತ್ತಿ, ಅರಗು ಮುದ್ರೆ ಒತ್ತಿ, ಪಂಚರ ಸಹಿಯ ಚೀಟಿ ಅಂಟಿಸುತ್ತಾರೆ. ಪ್ರಯೋಗಾಲಯದ ವರದಿ ಬಂದರೂ ಕಡತಕ್ಕೆ ಸೇರದೆ ಆರೋಪಿ ಬಿಡುಗಡೆಯಾದ. ಅಪೀಲಿನಲ್ಲಿ ಸರ್ಕಾರ ಆ ವರದಿಯನ್ನು ತರಲು ಕೇಳಬಹುದು. ಮೊದಲೇ ಇದ್ದ ವರದಿ ಹಾಜರಾಗದೆ ಉಳಿದದ್ದು ಕೇವಲ ಕಣ್ತಪ್ಪೆಂದು ನ್ಯಾಯಾಲಯಕ್ಕೆ ಮನವರಿಕೆಯಾದರೆ ಪೋರ್ವಾಲ್ ತೀರ್ಪಿನ ದಾರಿ ತೆರೆದಿದೆ. ಮಾದರಿಯನ್ನೇ ಪರೀಕ್ಷೆಗೆ ಕಳಿಸದಿದ್ದು, ಈಗ ಕಳಿಸುತ್ತೇವೆ ಎಂದರೆ ಅದು ತೂತು ಮುಚ್ಚುವ ಕೆಲಸವೆನಿಸುವ ಸಾಧ್ಯತೆಯೇ ಹೆಚ್ಚು. ಮುದ್ರೆ ಒಡೆದಿದ್ದರೆ ಆ ಬಾಟಲಿಗೆ ಬೆಲೆ ಉಳಿಯುವುದಿಲ್ಲ.

ಕಡಿದ ಸಾಗವಾನಿಯ ಪ್ರಕರಣಗಳಲ್ಲಿ ಆರೋಪಿಗೆ ನೆರವಾಗಬಹುದಾದ ಕಾಗದಗಳು ಬೇರೆ: ಜಮೀನಿನ ಪಹಣಿ, ಮರ ಕಡಿಯಲು ಸಿಕ್ಕ ಅನುಮತಿ, ಸಾಗಾಟದ ಪಾಸು, ಸರ್ವೆ ನಕ್ಷೆ. ಮರ ನಿಂತಿದ್ದ ಜಾಗ ಮಾಲ್ಕಿ ಜಮೀನೋ ಮೀಸಲು ಅರಣ್ಯವೋ ಎಂಬುದರ ಮೇಲೆ ಇಡೀ ಪ್ರಕರಣ ನಿಲ್ಲಬಹುದು. ಇಂಥ ಕಾಗದ ವಿಚಾರಣೆಯಲ್ಲಿ ಬರಲಿಲ್ಲವಾದರೆ, ಏಕೆ ಬರಲಿಲ್ಲ ಎಂಬುದಕ್ಕೆ ಅರ್ಜಿಯಲ್ಲಿ ನಂಬುವಂಥ ವಿವರಣೆ ಇರಬೇಕು. ಕಚೇರಿ ನಕಲು ಪ್ರತಿ ಕೊಡಲು ತಡಮಾಡಿದ್ದರೆ ಆ ಅರ್ಜಿ ಸಲ್ಲಿಸಿದ ದಿನಾಂಕದ ಸ್ವೀಕೃತಿಯೇ ಬೆಲೆಬಾಳುವ ಸಾಕ್ಷ್ಯ.

ಭಾಷೆಯ ಪ್ರಶ್ನೆ ಇವೆಲ್ಲಕ್ಕಿಂತ ಆಳದ್ದು. ಕೆಳಗಿನ ನ್ಯಾಯಾಲಯಗಳ ಭಾಷೆ ಕನ್ನಡ, ಹೈಕೋರ್ಟಿನದು ಇಂಗ್ಲಿಷ್. ಜೋಯಿಡಾದ ಕುಣಬಿಗಳ ಮನೆಮಾತು ಕೊಂಕಣಿ, ಸಿದ್ದಿಗಳದು ಕೊಂಕಣಿಯ ತಮ್ಮದೇ ಬಗೆ, ಗೌಳಿಗಳದು ಮರಾಠಿಯ ಒಳನುಡಿ, ಮುಂಡಗೋಡದ ಟಿಬೆಟನ್ ನೆಲೆಯವರದು ಟಿಬೆಟನ್. ಕಾಡಿನ ಹಾಡಿಯಲ್ಲಿ ಕಂಡದ್ದನ್ನು ಕೊಂಕಣಿಯಲ್ಲಿ ಹೇಳಿದವನ ಮಾತು ಕನ್ನಡದಲ್ಲಿ ದಾಖಲಾಗಿ, ಇಂಗ್ಲಿಷಿನಲ್ಲಿ ನ್ಯಾಯಮೂರ್ತಿಗಳ ಮುಂದೆ ತೆರೆದುಕೊಳ್ಳುತ್ತದೆ. ಹೇಳಿಕೆಯನ್ನು ಸಾಕ್ಷಿಗೆ ಅವನ ಭಾಷೆಯಲ್ಲಿ ವಿವರಿಸಬೇಕು, ದುಭಾಷಿ ನಿಜವಾಗಿ ತಿಳಿಸಬೇಕು ಎಂದು ಸಂಹಿತೆ ವಿಧಿಸುತ್ತದೆ. ಅನುವಾದದಲ್ಲಿ ಅರ್ಥವೇ ತಿರುಗಿದ್ದು ನಿಶ್ಚಿತವಾಗಿ ತೋರಿದಾಗ ಆ ಸಾಕ್ಷಿಯನ್ನು ಮತ್ತೆ ಕೇಳಲು 432ನೇ ಕಲಮಿನಡಿ ಕೋರಬಹುದು. ಅಸ್ಪಷ್ಟ ದೂರು ಸಾಲದು. ಯಾವ ಪದ, ಯಾವ ಸಾಲು ಎಂದು ತೋರಿಸಬೇಕು.

ಮನೆಯಲ್ಲೇ ಹೆರಿಗೆಯಾಗಿ ಜನನ ನೋಂದಣಿಯಾಗದ ಹಾಡಿಗಳಲ್ಲಿ ವಯಸ್ಸಿಗೆ ಶಾಲೆಯ ದಾಖಲಾತಿ ಪುಸ್ತಕವೇ ಆಧಾರ. ಶಿಕ್ಷೆಗೊಳಗಾದ ಹುಡುಗನ ಪರವಾಗಿ ಅಪೀಲಿನಲ್ಲಿ ಮೊದಲು ಹುಡುಕಬೇಕಾದ ಕಾಗದ ಅದು.

ಈಗಿನ ಸ್ಥಿತಿ

2024ರ ಜುಲೈ 1ಕ್ಕೆ ಮೊದಲೇ ಬಾಕಿಯಿದ್ದ ಅಪೀಲುಗಳು ಹಳೆಯ ಸಂಹಿತೆಯಡಿ ಮುಂದುವರಿಯುತ್ತವೆ, ಹಾಗಾಗಿ 391 ಮತ್ತು 432 ಎರಡೂ ಸದ್ಯ ಬಳಕೆಯಲ್ಲಿವೆ. ಹೊಸ ಸಂಹಿತೆಯ 530ನೇ ಕಲಂ ಸಾಕ್ಷ್ಯ ದಾಖಲಿಸುವುದನ್ನು ಎಲೆಕ್ಟ್ರಾನಿಕ್ ವಿಧಾನದಲ್ಲೂ ನಡೆಸಲು ಅನುಮತಿಸುತ್ತದೆ. ಮುದ್ದೆಮಾಲಿನ ವಿಷಯದಲ್ಲಿ ಬದಲಾವಣೆ ದೊಡ್ಡದು. 497ನೇ ಕಲಮಿನಂತೆ 14 ದಿನಗಳಲ್ಲಿ ವಸ್ತುವಿನ ವಿವರಪಟ್ಟಿ ಸಿದ್ಧವಾಗಬೇಕು, ಫೋಟೊ ಅಥವಾ ವಿಡಿಯೊ ತೆಗೆಯಬೇಕು, ಆಮೇಲೆ 30 ದಿನಗಳಲ್ಲಿ ವಿಲೇವಾರಿಯ ಆದೇಶವಾಗಬೇಕು. ಠಾಣೆಯಂಗಳದಲ್ಲಿ ಮಳೆಗೆ ಕೊಳೆಯುವ ಮರದ ದಿಮ್ಮಿಗಳಿಗೆ ಇದು ಒಳ್ಳೆಯದೇ. ಆದರೆ ವರ್ಷಗಳ ನಂತರ ಅಪೀಲಿನಲ್ಲಿ ಮರುಪರೀಕ್ಷೆ ಬೇಕೆಂದಾಗ ಕೈಗೆ ಸಿಗುವುದು ಚಿತ್ರ ಮಾತ್ರ.

ಅಪೀಲುಗಳೆಲ್ಲ ಮುಗಿದ ಮೇಲೆ ನಿರಪರಾಧದ ಸಾಕ್ಷ್ಯ ಸಿಕ್ಕರೆ ಏನು ಮಾಡಬೇಕೆಂಬುದಕ್ಕೆ ಭಾರತದ ಕಾನೂನಿನಲ್ಲಿ ಪ್ರತ್ಯೇಕ ಸಂಸ್ಥೆಯಿಲ್ಲ. ಇಂಗ್ಲೆಂಡಿನಲ್ಲಿ 1997ರಿಂದ ಅದಕ್ಕಾಗಿಯೇ ಒಂದು ಆಯೋಗ ಕೆಲಸ ಮಾಡುತ್ತಿದೆ. ತಪ್ಪು ಪ್ರಾಸಿಕ್ಯೂಷನ್‌ಗೆ ಒಳಗಾದವರಿಗೆ ಪರಿಹಾರ ಕೊಡುವ ಶಾಸನ ಬೇಕೆಂದು ಭಾರತದ ಕಾನೂನು ಆಯೋಗ 2018ರ ತನ್ನ 277ನೇ ವರದಿಯಲ್ಲಿ ಶಿಫಾರಸು ಮಾಡಿತ್ತು. ಇಂಥ ವ್ಯವಸ್ಥೆಯ ಅಗತ್ಯಕ್ಕೆ ಕರ್ನಾಟಕದಲ್ಲೇ ಉದಾಹರಣೆಯಿದೆ. ಕೊಡಗಿನ ಬುಡಕಟ್ಟು ಸಮುದಾಯದ ಒಬ್ಬ ವ್ಯಕ್ತಿ ಹೆಂಡತಿಯ ಕೊಲೆಯ ಆರೋಪದಲ್ಲಿ ವರ್ಷಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದ. 2025ರ ಏಪ್ರಿಲ್‌ನಲ್ಲಿ ಆ ಹೆಂಡತಿ ಮಡಿಕೇರಿಯಲ್ಲಿ ಜೀವಂತವಾಗಿ ಕಂಡಳು, ಅದೇ ತಿಂಗಳು ಮೈಸೂರಿನ ನ್ಯಾಯಾಲಯ ಅವನನ್ನು ಬಿಡುಗಡೆ ಮಾಡಿತು. ವಿಚಾರಣೆ ಇನ್ನೂ ಮುಗಿದಿರಲಿಲ್ಲವಾದ್ದರಿಂದ ಅಲ್ಲೇ ಸರಿಹೋಯಿತು. ಶಿಕ್ಷೆಯಾಗಿ ಅಪೀಲು ಬಾಕಿಯಿದ್ದಿದ್ದರೆ ಅವನಿಗಿದ್ದ ಬಾಗಿಲು ಈ ಕಲಂ.

ಮ್ಯಾಜಿಸ್ಟ್ರೇಟರ ಶಿಕ್ಷೆಯ ಮೇಲೆ ಸೆಷನ್ಸ್ ನ್ಯಾಯಾಲಯಕ್ಕೆ ಅಪೀಲು ಹಾಕಲು 30 ದಿನ, ಹೈಕೋರ್ಟಿಗೆ 60 ದಿನ ಅವಧಿಯಿದೆ. ಬಂಧನದಲ್ಲಿರುವವರು, ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಡಿ ಉಚಿತ ವಕೀಲರಿಗೆ ಹಕ್ಕುದಾರರು. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ ಉತ್ತರ ಕನ್ನಡದ ಸಿದ್ದಿಗಳೂ ಇದರಲ್ಲಿ ಬರುತ್ತಾರೆ. ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಅರ್ಜಿ ಕೊಡಬಹುದು. ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ ಸಹಾಯವಾಣಿ 15100.